ಅವ್ವನ ಮಾತಲ್ಲಿ ಸಿಕ್ಕ ಸ್ಪ್ಯಾನಿಷ್

‘ನಾನು ನನ್ನ ಮ್ಯಾನೇಜರನ್ನು ಕೆಲಸದಿಂದ ತೆಗೆದೆ.’

ಬೆಂಗಳೂರಿನ ಕಂಪನಿಯೊಂದರ ಇಂಟರ್‌ವ್ಯೂನಲ್ಲಿ ನಾನು ಸ್ಪ್ಯಾನಿಷ್ ಭಾಷೆಯಲ್ಲಿ ಹೇಳಿದ ವಾಕ್ಯದ ಅರ್ಥ ಇದು. ನಾನು ಹೇಳಬೇಕೆಂದಿದ್ದದ್ದು ಬೇರೆ. ಹಿಂದಿನ ಕೆಲಸ ಹೇಗೆ ಬಿಟ್ಟಿರಿ ಎಂದು ಕೇಳಿದ್ದರು. ‘ಮ್ಯಾನೇಜರಿಗೆ ವಿಷಯ ತಿಳಿಸಿ, ಅವರನ್ನು ಬೀಳ್ಕೊಂಡು ಬಂದೆ’ ಎನ್ನುವುದು ಮನಸ್ಸಿನಲ್ಲಿತ್ತು. ಅದಕ್ಕೆ ‘ಮೆ ದೆಸ್ಪೆದೀ’ ಎನ್ನಬೇಕು. ನಾನು ಗಾಬರಿಯಲ್ಲಿ ಬರೀ ‘ದೆಸ್ಪೆದೀ’ ಎಂದುಬಿಟ್ಟೆ. ತಪ್ಪಿದ್ದು ಒಂದೇ ಒಂದು ‘ಮೆ’. ಎದುರಿಗಿದ್ದ ಇಬ್ಬರೂ ನಕ್ಕರು. ಅವರ ನಗೆಯಲ್ಲಿ ಕೊಂಕೇನೂ ಇರಲಿಲ್ಲ. ಆದರೆ ಅಲ್ಲಿಂದಾಚೆ ನನ್ನ ಬಾಯಿಂದ ಸರಿಯಾದ ಒಂದು ವಾಕ್ಯವೂ ಹೊರಡಲಿಲ್ಲ. ವಾರ ಕಳೆದ ಮೇಲೆ ‘ನೀವು ಆಯ್ಕೆಯಾಗಿಲ್ಲ’ ಎಂಬ ಮೇಲ್ ಬಂತು.

ನನ್ನೂರು ಕಂಪ್ಲಿ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ, ಆಮೇಲೆ ಬಿ.ಎ. ಹಂಪಿ ನಮಗೆ ಬಸ್ಸಿನ ದಾರಿ. ರಾಮಸಾಗರ, ಬುಕ್ಕಸಾಗರದ ಬಾಳೆತೋಟಗಳನ್ನು ದಾಟಿ ಕಮಲಾಪುರದಲ್ಲಿ ಇಳಿದರೆ ಆಯಿತು. ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡ ವಿದೇಶಿಗರನ್ನು ಚಿಕ್ಕಂದಿನಿಂದ ನೋಡುತ್ತಲೇ ಬೆಳೆದವಳು ನಾನು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಲ್ಲ ಗೈಡುಗಳಿಗೆ ಬೇಡಿಕೆ ಹೆಚ್ಚು ಎಂದು ಅಲ್ಲಿನ ಗೈಡ್ ಅಣ್ಣನೊಬ್ಬರು ಹೇಳಿದ್ದರು. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಬೆಂಗಳೂರಿನಲ್ಲೂ ಅದಕ್ಕೆ ಕೆಲಸ ಉಂಟು ಎಂದು ಗೆಳತಿ ಹೇಳಿದಳು. ಅವ್ವ ಬೆಂಡೋಲೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಫೀಸು ಕಟ್ಟಿದಳು. ಹಗಲು ಡೇಟಾ ಎಂಟ್ರಿ, ಸಂಜೆ ಸ್ಪ್ಯಾನಿಷ್ ಕ್ಲಾಸು. ಹೀಗೆ ಎರಡು ವರ್ಷ. ಈ ಇಂಟರ್‌ವ್ಯೂ ಖಂಡಿತ ಆಗುತ್ತದೆ ಎಂಬ ಹುಂಬ ಧೈರ್ಯದಲ್ಲಿ ಇದ್ದ ಕೆಲಸವನ್ನೂ ಬಿಟ್ಟಿದ್ದೆ.

ದಸರಾ ಹಬ್ಬಕ್ಕೆ ಊರಿಗೆ ಬಂದಾಗ ಮನೆಯಲ್ಲಿ ‘ರಜೆ ಇದೆ’ ಎಂದಷ್ಟೇ ಹೇಳಿದೆ. ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದ ಪಕ್ಕದ ಮನೆ ದೊಡ್ಡಮ್ಮ ಕೇಳಿದರು: ‘ಏನವ್ವಾ, ಆ ಭಾಷಿ ಕಲಿತು ಏನಾರ ಆತೇನು? ಎರಡು ವರ್ಷ ಸುಮ್ನೆ ಕಳ್ಕಂಡಿ ನೋಡು. ಬಿ.ಎಡ್. ಮಾಡಿದ್ರ ಇಷ್ಟೊತ್ತಿಗೆ ಟೀಚರ್ ಆಗ್ತಿದ್ದಿ.’

ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

‘ನೀನೂ ಹಾಕ್ಕ’

ನನಗೆ ಕೈಕೊಟ್ಟ ಆ ‘ಮೆ’ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಸ್ಪ್ಯಾನಿಷ್‌ನಲ್ಲಿ ಎಷ್ಟೋ ಕ್ರಿಯಾಪದಗಳಿಗೆ ಎರಡು ರೂಪ. ಒಂದು ಬರೀ ಕ್ರಿಯಾಪದ. ಇನ್ನೊಂದಕ್ಕೆ ‘ಸೆ’ ಎಂಬ ಬಾಲ. ಮಾತಾಡುವಾಗ ಆ ‘ಸೆ’ ಆಳಿಗೆ ತಕ್ಕಂತೆ ಬದಲಾಗುತ್ತದೆ: ನಾನು ಎಂದರೆ ‘ಮೆ’, ನೀನು ಎಂದರೆ ‘ತೆ’, ಅವಳು ಎಂದರೆ ‘ಸೆ’, ನಾವು ಎಂದರೆ ‘ನೊಸ್’. ಬಾಲ ಬಂದ ಕೂಡಲೇ ಅರ್ಥ ಬದಲು. ಕೆಲವು ಕಡೆ ಸ್ವಲ್ಪ ಬದಲು, ಕೆಲವು ಕಡೆ ಪೂರ್ತಿ ಬದಲು.

ಕ್ಲಾಸಿನಲ್ಲಿ ಇದನ್ನು ಇಂಗ್ಲಿಷ್ ಮೂಲಕ ಹೇಳಿಕೊಡುತ್ತಿದ್ದರು. ‘ಸೆ’ ಎಂದರೆ ‘ಸೆಲ್ಫ್’ ಎಂದು ಬರೆಸಿದ್ದರು. ‘ತೊಳೆ’ ಎಂಬಂಥ ಪದಕ್ಕೆ ಅದು ಸರಿಹೊಂದುತ್ತದೆ. ಆದರೆ ‘ದೊರ್ಮಿರ್’ ಎಂದರೆ ನಿದ್ದೆ ಮಾಡು, ‘ದೊರ್ಮಿರ್ಸೆ’ ಎಂದರೆ ನಿದ್ದೆಗೆ ಜಾರು ಎಂದಾಗ ಅಲ್ಲಿ ‘ಸೆಲ್ಫ್’ ಎಲ್ಲಿಂದ ಬಂತು? ನನಗೆ ಹೊಳೆಯುತ್ತಿರಲಿಲ್ಲ. ಉಳಿದವರೆಲ್ಲ ಪಟಪಟನೆ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದರು. ನಾನು ಕನ್ನಡ ಮಾಧ್ಯಮದವಳು, ನನಗೆ ಇದೆಲ್ಲ ಹತ್ತುವುದಿಲ್ಲ ಎಂದುಕೊಂಡು ಪಟ್ಟಿಯನ್ನು ಬಾಯಿಪಾಠ ಮಾಡಿದೆ. ಬಾಯಿಪಾಠ ಮಾಡಿದ್ದು ಗಾಬರಿಯಲ್ಲಿ ಮೊದಲು ಮರೆಯುತ್ತದೆ.

ಹಬ್ಬದ ಮಾರನೇ ದಿನ ಬೆಳಿಗ್ಗೆ ಅಣ್ಣನ ಮಕ್ಕಳಿಬ್ಬರು ಶಾಲೆಗೆ ಹೊರಟಂತೆ ಆಟ ಆಡುತ್ತಿದ್ದರು. ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವಳಿಗೆ ಐದು. ಅಡುಗೆ ಮನೆಯಿಂದ ಅವ್ವ ದೊಡ್ಡವಳಿಗೆ ಕೂಗಿ ಹೇಳಿದಳು: ‘ತಂಗಿಗೆ ಮುಖ ತೊಳಿ, ನೀನೂ ತೊಳ್ಕ. ಆಕಿಗೆ ತಲಿ ಬಾಚು, ನೀನೂ ಬಾಚ್ಕ. ಆಕಿಗೆ ಹೊಸ ಅಂಗಿ ಹಾಕು, ನೀನೂ ಹಾಕ್ಕ.’

ನಾನು ಚಹಾದ ಲೋಟ ಹಿಡಿದು ಹಾಗೇ ಕೂತೆ. ತೊಳೆ, ತೊಳೆದುಕೊ. ಸ್ಪ್ಯಾನಿಷ್‌ನಲ್ಲಿ ಲವಾರ್, ಲವಾರ್ಸೆ. ಬಾಚು, ಬಾಚಿಕೊ. ಪೆಯ್ನಾರ್, ಪೆಯ್ನಾರ್ಸೆ. ಹಾಕು, ಹಾಕಿಕೊ. ಪೊನೆರ್, ಪೊನೆರ್ಸೆ. ಪುಸ್ತಕದ ‘ಕೊಳ್ಳು’ ನಮ್ಮೂರ ಬಾಯಲ್ಲಿ ಸವೆದು ಬರೀ ‘ಕ’ ಆಗಿದೆ, ಅಷ್ಟೇ. ಎರಡು ವರ್ಷ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಹುಡುಕಿದ್ದನ್ನು ಅವ್ವ ರೊಟ್ಟಿ ತಟ್ಟುತ್ತಾ ಐದಾರು ಸಲ ಹೇಳಿಬಿಟ್ಟಿದ್ದಳು. ಐದು ವರ್ಷದ ಚಿಕ್ಕವಳೂ ಅದನ್ನು ಒಮ್ಮೆಯೂ ತಪ್ಪುವುದಿಲ್ಲ.

ಒಂದು ಬಾಲ, ಮೂರು ಕೆಲಸ

ಅವತ್ತೇ ಹಳೆಯ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದೆ. ಎಡಕ್ಕೆ ಕನ್ನಡ, ಬಲಕ್ಕೆ ಸ್ಪ್ಯಾನಿಷ್. ಬರೆಯುತ್ತಾ ಹೋದಂತೆ ಎರಡೂ ಭಾಷೆಗಳಲ್ಲಿ ಈ ಬಾಲ ಮೂರು ತರದ ಕೆಲಸ ಮಾಡುತ್ತದೆ ಎಂದು ಕಂಡಿತು.

ಮೊದಲನೆಯದು ಸುಲಭ. ಮಾಡಿದ ಕೆಲಸ ಮಾಡಿದವರಿಗೇ ತಿರುಗಿ ಬರುವುದು. ತೊಳೆದುಕೊ, ಬಾಚಿಕೊ ಎಲ್ಲ ಈ ಗುಂಪು. ಸ್ಪ್ಯಾನಿಷ್ ಕಲಿಯುವವರ ಮೊದಲ ಪಾಠದ ಮೊದಲ ವಾಕ್ಯ ‘ಮೆ ಯಾಮೊ’, ಅಂದರೆ ‘ನನ್ನ ಹೆಸರು’. ಬಿಡಿಸಿ ನೋಡಿದರೆ ‘ನನ್ನನ್ನು ನಾನು ಹೀಗೆ ಕರೆದುಕೊಳ್ಳುತ್ತೇನೆ’ ಎಂದು ಅರ್ಥ.

ಎರಡನೆಯದು, ಯಾರೂ ಮಾಡದೆ ತಾನೇ ಆಗುವುದು. ‘ಬಾಗಿಲು ಮುಚ್ಚಿದಳು’ ಎಂದರೆ ಮುಚ್ಚಿದವಳು ಒಬ್ಬಳಿದ್ದಾಳೆ. ಗಾಳಿಗೆ ‘ಬಾಗಿಲು ಮುಚ್ಚಿಕೊಂಡಿತು’ ಎಂದರೆ ಯಾರೂ ಇಲ್ಲ. ಸ್ಪ್ಯಾನಿಷ್‌ನಲ್ಲೂ ‘ಲ ಪ್ವೆರ್ತ ಸೆ ಸೆರ್ರೋ’, ಬಾಗಿಲು ಮುಚ್ಚಿಕೊಂಡಿತು. ಇಲ್ಲಿ ಬಾಗಿಲಿಗೆ ಯಾವ ‘ಸೆಲ್ಫ್’ ಇದೆ? ಇಂಗ್ಲಿಷ್‌ನಲ್ಲಿ ಎರಡು ವಾಕ್ಯಕ್ಕೂ ಒಂದೇ ಕ್ರಿಯಾಪದ ಸಾಕು. ಹಾಗಾಗಿ ಆ ದಾರಿಯಲ್ಲಿ ಹೋದವರಿಗೆ ಈ ‘ಸೆ’ ಯಾಕೆ ಎಂದು ತಿಳಿಯುವುದು ಕಷ್ಟ. ನಮಗೆ ಕಿವಿಯೇ ಹೇಳುತ್ತದೆ.

ಮೂರನೆಯದೇ ನನ್ನ ಇಂಟರ್‌ವ್ಯೂ ಕೆಡಿಸಿದ್ದು. ಬಾಲ ಸೇರಿದೊಡನೆ ಪದ ಬೇರೆಯದೇ ಆಗುವುದು. ಕನ್ನಡದಲ್ಲಿ ನಡೆ ಎಂದರೆ ಕಾಲಿನ ಕೆಲಸ, ನಡೆದುಕೊ ಎಂದರೆ ಗುಣದ ಮಾತು. ನೋಡು ಎಂದರೆ ಕಣ್ಣಿನ ಕೆಲಸ, ನೋಡಿಕೊ ಎಂದರೆ ಆರೈಕೆ. ಹಚ್ಚು ಎಂದರೆ ಬಳಿ. ಒಬ್ಬರನ್ನು ಹಚ್ಚಿಕೊಂಡರೆ ಅದು ಪ್ರೀತಿ. ಕೆಲಸ ಹುಡುಕುವ ನಮಗೆಲ್ಲ ಬೇಕಾದ ಜೋಡಿ ಇನ್ನೊಂದಿದೆ: ‘ಕೆಲಸದಿಂದ ತೆಗೆದರು’, ‘ಕೆಲಸಕ್ಕೆ ತೆಗೆದುಕೊಂಡರು’.

ಸ್ಪ್ಯಾನಿಷ್‌ನಲ್ಲಿ ಇಂಥವು ಹೀಗಿವೆ. ‘ಅಕೊರ್ದಾರ್’ ಎಂದರೆ ಮಾತಾಡಿ ಒಪ್ಪಂದಕ್ಕೆ ಬರು. ‘ಅಕೊರ್ದಾರ್ಸೆ’ ಎಂದರೆ ನೆನಪಿಸಿಕೊ. ‘ಪರೆಸೆರ್’ ಎಂದರೆ ಅನ್ನಿಸು, ಕಾಣು. ‘ಪರೆಸೆರ್ಸೆ’ ಎಂದರೆ ಒಬ್ಬರನ್ನು ಹೋಲು. ‘ನೆಗಾರ್’ ಎಂದರೆ ಅಲ್ಲಗಳೆ. ‘ನೆಗಾರ್ಸೆ’ ಎಂದರೆ ಒಲ್ಲೆ ಎಂದು ಕೂರು. ‘ಪೊರ್ತಾರ್’ ಎಂದರೆ ಹೊರು, ಧರಿಸು. ‘ಪೊರ್ತಾರ್ಸೆ’ ಎಂದರೆ ನಮ್ಮ ‘ನಡೆದುಕೊ’. ‘ಕೆದಾರ್’ ಎಂದರೆ ಉಳಿ, ಬುಟ್ಟಿಯಲ್ಲಿ ಎರಡು ಮಾವಿನಹಣ್ಣು ಉಳಿದ ಹಾಗೆ. ‘ಕೆದಾರ್ಸೆ’ ಎಂದರೆ ಉಳಿದುಕೊ, ಹಂಪಿಗೆ ಬಂದವರು ಹೊಸಪೇಟೆಯ ಲಾಡ್ಜಿನಲ್ಲಿ ಉಳಿದುಕೊಂಡ ಹಾಗೆ.

ಕೊನೆಗೆ ನನ್ನ ‘ದೆಸ್ಪೆದಿರ್’. ಇದಕ್ಕೆ ಕೆಲಸದಿಂದ ತೆಗೆ ಎಂಬ ಅರ್ಥದ ಜೊತೆಗೆ ಹೊರಟವರನ್ನು ಕಳಿಸಿಕೊಡು ಎಂಬ ಅರ್ಥವೂ ಇದೆ. ಅಂದರೆ ಬೀಳ್ಕೊಡು. ‘ಸೆ’ ಸೇರಿಸಿದರೆ ಬೀಳ್ಕೊಳ್ಳು. ಪ್ರತಿ ವರ್ಷ ಕಾಲೇಜಿನ ‘ಬೀಳ್ಕೊಡುಗೆ ಸಮಾರಂಭ’ದ ಬ್ಯಾನರ್ ಕೆಳಗೆ ನಿಂತು ಫೋಟೊ ತೆಗೆಸಿಕೊಂಡವಳು ನಾನು. ಕಳಿಸುವವರು ಬೀಳ್ಕೊಡುತ್ತಾರೆ, ಹೊರಡುವವರು ಬೀಳ್ಕೊಳ್ಳುತ್ತಾರೆ. ಇದು ಆ ದಿನ ನೆನಪಾಗಿದ್ದರೆ ‘ಮೆ’ ತಪ್ಪುತ್ತಿರಲಿಲ್ಲ.

ಕಂಪ್ಲಿಯ ಸಂತೆಗೆ ಗೊತ್ತು

ಇದು ಕನ್ನಡಕ್ಕೆ ಮಾತ್ರ ಸಿಕ್ಕ ವರವೇನಲ್ಲ. ನಮ್ಮ ಕಡೆ ತೆಲುಗು ಮನೆಮಾತಿನವರು ಬಹಳ. ಅವರು ‘ದುವ್ವುಕೋ’ ಎಂದರೆ ಬಾಚಿಕೊ, ‘ಚೂಸುಕೋ’ ಎಂದರೆ ನೋಡಿಕೊ. ಉರ್ದು ಮಾತಾಡುವ ಗೆಳತಿ ‘ಕರ್ ಲೋ’ ಎಂದರೆ ಮಾಡಿಕೊ, ‘ಕರ್ ದೋ’ ಎಂದರೆ ಮಾಡಿಕೊಡು. ಸಂಸ್ಕೃತ ಓದಿದವರಿಗೆ ಪರಸ್ಮೈಪದ, ಆತ್ಮನೇಪದ ನೆನಪಿರಬಹುದು. ಬೇರೆಯವರಿಗಾಗಿ ಅಡುಗೆ ಮಾಡಿದರೆ ‘ಪಚತಿ’, ತನಗಾಗಿ ಮಾಡಿಕೊಂಡರೆ ‘ಪಚತೇ’. ಕಂಪ್ಲಿಯ ಸಂತೆಯಲ್ಲಿ ಕೇಳುವ ಭಾಷೆಗಳಿಗೆಲ್ಲ ತನಗೂ ಪರರಿಗೂ ಇರುವ ಈ ವ್ಯತ್ಯಾಸ ಗೊತ್ತು. ನಾವು ಕಲಿಯಲು ಆರಿಸಿಕೊಂಡ ಇಂಗ್ಲಿಷ್ ದಾರಿಯಲ್ಲಿ ಮಾತ್ರ ಅದು ಎದ್ದು ಕಾಣುವುದಿಲ್ಲ.

ದೊಡ್ಡ ವಿದ್ವಾಂಸರೂ ನಮ್ಮ ‘ಕೊ’ವನ್ನು ಗಮನಿಸಿದ್ದಾರೆ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣದಲ್ಲಿ ‘ಕೊಳ್’ ಬಗ್ಗೆ ಬರೆದಿದ್ದಾರೆ. ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಸ್ 1996ರಲ್ಲಿ ಡೆಲವೇರ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಕನ್ನಡದ ಈ ರೂಪವನ್ನೇ ಹಿಡಿದು ಅಧ್ಯಯನ ಮಾಡಿದರು. ನಾನು ಮುಚ್ಚಿಡಬೇಕೆಂದುಕೊಂಡಿದ್ದ ಭಾಷೆಯ ಮೇಲೆ ಅಲ್ಲಿ ಡಾಕ್ಟರೇಟ್ ಆಗಿತ್ತು.

ಹೊಂದದ ಕಡೆ ಎಚ್ಚರ

ಇಷ್ಟು ಓದಿ ‘ಕೊ’ ಇದ್ದಲ್ಲೆಲ್ಲ ‘ಸೆ’ ಹಾಕಿಬಿಡಬೇಡಿ. ನಾನು ಹಾಗೆ ಮಾಡಿ ಮತ್ತೆರಡು ಸಲ ಪೆಚ್ಚಾಗಿದ್ದೇನೆ. ‘ಕಲಿತುಕೊ’ ಎನ್ನಲು ಅಲ್ಲಿ ಬರೀ ‘ಅಪ್ರೆಂದೆರ್’ ಸಾಕು. ‘ಕಳೆದುಕೊ’ ಎನ್ನಲು ‘ಪೆರ್ದೆರ್’ ಸಾಕು. ಅದಕ್ಕೆ ‘ಸೆ’ ಸೇರಿಸಿದರೆ ದಾರಿ ತಪ್ಪಿ ಅಲೆದ ಹಾಗಾಗುತ್ತದೆ.

ಇದರ ಉಲ್ಟಾ ಕೂಡ ಇದೆ. ‘ಸೆ’ ಇರುವ ಕೆಲವು ಕಡೆ ನಮ್ಮಲ್ಲಿ ‘ಕೊ’ ಬರುವುದಿಲ್ಲ, ಬೇರೆ ನೆಂಟರು ಬರುತ್ತಾರೆ. ‘ಇರ್’ ಎಂದರೆ ಹೋಗು, ‘ಇರ್ಸೆ’ ಎಂದರೆ ಹೊರಟುಹೋಗು. ‘ಕೊಮೆರ್’ ಎಂದರೆ ತಿನ್ನು, ‘ಕೊಮೆರ್ಸೆ’ ಎಂದರೆ ತಟ್ಟೆಯಲ್ಲಿ ಏನೂ ಬಿಡದಂತೆ ತಿಂದುಬಿಡು. ಆ ‘ದೊರ್ಮಿರ್ಸೆ’ಗೆ ನಮ್ಮ ಕಡೆಯ ‘ನಿದ್ದಿ ಹತ್ತಿತು’ ಸರಿಯಾಗಿ ಕೂರುತ್ತದೆ. ‘ನನಗೆ ಮರೆತುಹೋಯಿತು’ ಎನ್ನಲು ಅವರು ‘ಸೆ ಮೆ ಒಲ್ವಿದೋ’ ಎನ್ನುತ್ತಾರೆ. ಮರೆತವಳು ನಾನೇ ಆದರೂ ಎರಡೂ ಭಾಷೆ ‘ನನಗೆ’ ಎಂದು ನಯವಾಗಿ ತಪ್ಪನ್ನು ಪಕ್ಕಕ್ಕೆ ಸರಿಸುತ್ತವೆ.

ಆದ್ದರಿಂದ ನನ್ನ ಅನುಭವದಲ್ಲಿ ಹೇಳುವುದಾದರೆ, ಪದಕ್ಕೆ ಪದ ಜೋಡಿಸಬೇಡಿ. ಒಂದು ಪುಟ್ಟ ಸಂದರ್ಭ ಬರೆಯಿರಿ. ಆ ಸಂದರ್ಭದಲ್ಲಿ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ ಎಂದು ಜೋರಾಗಿ ಹೇಳಿ ನೋಡಿ. ‘ಕೊ’ ಬಂತೋ, ‘ಬಿಡು’ ಬಂತೋ, ‘ಹೋಗು’ ಬಂತೋ ಗುರುತಿಸಿ. ಆಮೇಲೆ ಸ್ಪ್ಯಾನಿಷ್ ವಾಕ್ಯ ಬರೆಯಿರಿ. ಇನ್ನೊಂದು ಮಾತು: ನಮ್ಮ ‘ಕೊ’ ಯಾರಿಗೂ ಬದಲಾಗುವುದಿಲ್ಲ, ಕೊನೆಯ ಪ್ರತ್ಯಯ ಬದಲಾಗುತ್ತದೆ: ಬಾಚಿಕೊಂಡೆ, ಬಾಚಿಕೊಂಡಳು. ಅಲ್ಲಿ ‘ಸೆ’ಯೇ ಬದಲಾಗುತ್ತದೆ: ಮೆ ಪೆಯ್ನೊ, ಸೆ ಪೆಯ್ನ. ಅದನ್ನು ಮಾತ್ರ ಬಾಯಿಪಾಠ ಮಾಡದೆ ಗತಿಯಿಲ್ಲ.

ಹೇಳಿದ್ದು ಮತ್ತು ಹೇಳಿಕೊಂಡದ್ದು

ನೋಟ್‌ಬುಕ್ಕಿನ ಎಡಗಡೆ ‘ಹೇಳು’, ‘ಹೇಳಿಕೊ’ ಎಂದು ಬರೆದಾಗ ಪೆನ್ನು ನಿಂತಿತು. ಎರಡು ವರ್ಷ ದಿನಾ ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದ್ದೆ. ಊಟ ಆಯ್ತು, ಮಳೆ ಬಂತು, ಕ್ಲಾಸು ಚೆನ್ನಾಗಿದೆ. ಏನನ್ನೂ ಹೇಳಿಕೊಂಡಿರಲಿಲ್ಲ. ಕ್ಲಾಸಿನಲ್ಲಿ ಹಿಂದೆ ಬಿದ್ದದ್ದು, ಕೆಲಸ ಬಿಟ್ಟದ್ದು, ಇಂಟರ್‌ವ್ಯೂನಲ್ಲಿ ನಕ್ಕದ್ದು, ಬೆಂಡೋಲೆಯ ಬಡ್ಡಿ ನೆನಪಾದಾಗ ನಿದ್ದೆ ಬಾರದ್ದು, ಯಾವುದನ್ನೂ.

ಸ್ಪ್ಯಾನಿಷ್ ಪದ ಹುಡುಕಿದೆ. ‘ಅಹೊಗಾರ್’ ಎಂದರೆ ಮುಳುಗಿಸಿ ಉಸಿರು ಕಟ್ಟಿಸು. ಅದರ ಹಿಂದೆ ‘ದೆಸ್’ ಸೇರಿಸಿ, ಕೊನೆಗೆ ‘ಸೆ’ ಹಚ್ಚಿದರೆ ‘ದೆಸಹೊಗಾರ್ಸೆ’: ಒಳಗಿದ್ದದ್ದನ್ನು ಹೇಳಿಕೊಂಡು ಹಗುರಾಗು. (ಅಲ್ಲಿ ‘ಹ’ ಬರೆಯುತ್ತಾರೆ, ಉಚ್ಚರಿಸುವುದಿಲ್ಲ.) ಮುಳುಗಿದ್ದವರು ತಮ್ಮನ್ನು ತಾವೇ ನೀರಿನಿಂದ ಮೇಲೆತ್ತಿಕೊಂಡಂತೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ನಮ್ಮೂರು–ಗಂಗಾವತಿ ನಡುವಿನ ಸೇತುವೆ ಮುಳುಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಈ ಪದದ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ಅವ್ವನ ಹತ್ತಿರ ಎಲ್ಲ ಹೇಳಿಕೊಂಡೆ. ಅವಳು ಬೈಯಬಹುದು ಎಂದುಕೊಂಡಿದ್ದೆ. ‘ಮ್ಯಾನೇಜರ್‌ನ ಕೆಲಸದಿಂದ ತೆಗೆದ್ಯಾ?’ ಎಂದು ಬಹಳ ಹೊತ್ತು ನಕ್ಕಳು. ಆಮೇಲೆ, ‘ಓಲೆ ಬ್ಯಾಂಕಿನ್ಯಾಗ ಭದ್ರ ಅದಾವು. ನೀನು ಮೊದ್ಲು ಹೊಟ್ಟಿ ತುಂಬ ಉಣ್ಣು’ ಎಂದಳು.

ಈಗ

ಒಂದು ವಾರದ ರಜೆ ಎಂದು ಬಂದವಳು ಈಗ ಊರಲ್ಲೇ ಉಳಿದುಕೊಂಡಿದ್ದೇನೆ. ಚಳಿಗಾಲದ ಸೀಸನ್ನಿನಲ್ಲಿ ಒಂದು ದಿನ ಆ ಗೈಡ್ ಅಣ್ಣ ಹಂಪಿಗೆ ಕರೆಸಿದರು. ಸ್ಪ್ಯಾನಿಷ್ ಮಾತಾಡುವ ಕುಟುಂಬವೊಂದು ಬಂದಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದು. ನಾನು ನಡುಗುತ್ತಲೇ ‘ದೊಂದೆ ಸೆ ಕೆದಾನ್?’ ಎಂದೆ. ಎಲ್ಲಿ ಉಳಿದುಕೊಂಡಿದ್ದೀರಿ? ಅಜ್ಜಿ ತಡೆಯದೆ ‘ನೊಸ್ ಕೆದಾಮೊಸ್ ಎನ್ ಹೊಸಪೇಟೆ’ ಎಂದರು. ಅಲ್ಲಿಂದ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ತಲುಪುವವರೆಗೂ ಮಾತು ನಿಲ್ಲಲಿಲ್ಲ. ನಾನು ತಪ್ಪು ಮಾಡಿದೆ, ಅವರು ತಿದ್ದಿದರು, ನಾನು ತಿದ್ದಿಕೊಂಡೆ.

ದೊಡ್ಡ ಕೆಲಸವೇನೂ ಇನ್ನೂ ಸಿಕ್ಕಿಲ್ಲ. ಬೆಂಡೋಲೆ ಇನ್ನೂ ಬ್ಯಾಂಕಿನಲ್ಲೇ ಇದೆ. ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್‌ಸ್ತಿತೂತೊ ಸೆರ್ವಾಂತೆಸ್ ಹುಟ್ಟಿದ್ದು 1991ರಲ್ಲಿ, ನಮ್ಮ ಹಂಪಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ. ದೆಹಲಿಯಲ್ಲಿ ಅದರ ಕೇಂದ್ರ ಇದೆ. ‘ಡೆಲೆ’ ಎಂಬ ಅದರ ಪರೀಕ್ಷೆ ಎ1ರಿಂದ ಸಿ2ರವರೆಗೆ ಆರು ಹಂತದ್ದು. ನಾನು ಮೂರನೇ ಹಂತವಾದ ಬಿ1ಕ್ಕೆ ಓದುತ್ತಿದ್ದೇನೆ. ಹೊಸಪೇಟೆ ಕಡೆಯ ಮೂವರು ಡಿಗ್ರಿ ಹುಡುಗಿಯರಿಗೆ ಸಂಜೆ ಹೊತ್ತು ಫೋನಿನಲ್ಲೇ ಸ್ಪ್ಯಾನಿಷ್ ಪಾಠ ಮಾಡುತ್ತೇನೆ, ಪೂರ್ತಿ ಕನ್ನಡದಲ್ಲಿ. ಮೊದಲ ದಿನವೇ ‘ಬಾಚು, ಬಾಚಿಕೊ’ ಬರೆಸುತ್ತೇನೆ. ‘ಅಕ್ಕಾ, ಇದು ಇಷ್ಟೇನಾ?’ ಎಂದು ಅವರು ಕೇಳಿದಾಗ ಎಲ್ಲಿಲ್ಲದ ಖುಷಿ.

ನೀವೂ ಜಪಾನೀಸೋ, ಜರ್ಮನ್ನೋ, ಕೋಡಿಂಗೋ ಕಲಿಯುತ್ತಾ ‘ನಾನು ಕನ್ನಡ ಮಾಧ್ಯಮ’ ಎಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ, ಅರ್ಥವಾಗದ್ದನ್ನು ಒಮ್ಮೆ ಮನೆಯ ಮಾತಿನಲ್ಲಿ ಹೇಳಿ ನೋಡಿ. ಎಲ್ಲ ಬಾಗಿಲೂ ತೆರೆದುಕೊಳ್ಳುತ್ತದೆ ಎಂದು ಹೇಳಲಾರೆ. ನನಗೆ ಒಂದು ತೆರೆದುಕೊಂಡಿತು.

ಮೊನ್ನೆ ಪಕ್ಕದ ಮನೆ ದೊಡ್ಡಮ್ಮ ಮತ್ತೆ ಅದೇ ಮಾತು ತೆಗೆದರು, ಎರಡು ವರ್ಷ ಕಳ್ಕಂಡಿ ಎಂದು. ಈ ಸಲ ನನ್ನ ಹತ್ತಿರ ಉತ್ತರ ಇತ್ತು.

‘ಕಳ್ಕಂಡಿಲ್ಲ ದೊಡ್ಡಮ್ಮ,’ ಎಂದೆ. ‘ಕಳೆದೀನಿ, ಅಷ್ಟ.’